‘ಹಿಡಿದೆ’ ಅಂದ ಮೇಲೆ ಬಿಡು

ಕೊರಳಲ್ಲಿರುವ ಕ್ಯಾಮೆರಾ ಸುಲಭವಾಗಿ ಬೀಳುವುದಿಲ್ಲ. ಅಪಾಯ ಇರುವುದು ಲೆನ್ಸ್ ಬದಲಿಸುವ ಅರ್ಧ ನಿಮಿಷದಲ್ಲಿ. ಕೈ ಎರಡೇ, ಹಿಡಿಯಬೇಕಾದ್ದು ಕ್ಯಾಮೆರಾ, ಹಳೇ ಲೆನ್ಸ್, ಹೊಸ ಲೆನ್ಸ್, ಒಟ್ಟು ಮೂರು!

ಚಿತ್ರದುರ್ಗದ ಕೋಟೆಯಲ್ಲಿ ಕಾಲಡಿ ಬರೀ ಬಂಡೆ. ಜೋಗಿಮಟ್ಟಿಯಲ್ಲಿ ಬೀಸುಗಾಳಿ. ಹಿರಿಯೂರಿನ ವಾಣಿವಿಲಾಸ ಸಾಗರದಲ್ಲಿ ಜಾರಿದರೆ ನೀರುಪಾಲು. ಆ ಜಲಾಶಯ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಅಂಥ ದಿನ ಲೆನ್ಸ್ ಒಡೆದರೆ, ಹೊಸ ಲೆನ್ಸ್ ಕೊಳ್ಳಬಹುದು. ಆ ಚಿತ್ರ ಮತ್ತೆ ಸಿಕ್ಕೀತೇ?

ಹೊಸದುರ್ಗದ ನಮ್ಮ ಮನೆಯಲ್ಲಿ ಬಿಸಿ ಸಾರಿನ ಪಾತ್ರೆ ಕೈಯಿಂದ ಕೈಗೆ ಹೋಗುವಾಗ ಒಂದು ನಿಯಮವಿದೆ. ತೆಗೆದುಕೊಳ್ಳುವವರು ‘ಹಿಡಿದೆ’ ಅನ್ನುವವರೆಗೆ ಕೊಡುವವರು ಬಿಡುವಂತಿಲ್ಲ. ಲೆನ್ಸಿಗೂ ಅದೇ ನಿಯಮ.

ಮೊಮ್ಮಗಳು ಮೊದಲು ನೆಲದ ಮೇಲೆ ಕೂರುತ್ತಾಳೆ. ಪಟ್ಟಿ ಕೊರಳಲ್ಲೇ, ಚೀಲ ತೊಡೆಯ ಮೇಲೆ. ಹೊಸ ಲೆನ್ಸಿನ ಹಿಂದಿನ ಮುಚ್ಚಳ ಮೊದಲೇ ಸಡಿಲಿಸುತ್ತಾಳೆ. ಸ್ವಿಚ್ ಆರಿಸಿ, ದೂಳು ಹೋಗದಂತೆ ಕ್ಯಾಮೆರಾ ಬಾಯಿ ಕೆಳಗೆ ಮಾಡುತ್ತಾಳೆ. ಲೆನ್ಸನ್ನು ಭದ್ರವಾಗಿ ಹಿಡಿದ ಮೇಲೇ ಗುಂಡಿ ಒತ್ತುವುದು. ಬಿಚ್ಚಿದ್ದು ನನ್ನ ಕೈಗೆ ಬರುತ್ತದೆ. ‘ಹಿಡಿದೆ ಪುಟ್ಟಿ’ ಅಂದ ಮೇಲೆ ಅವಳ ಬೆರಳು ಸಡಿಲ. ಹೊಸದನ್ನು ‘ಟಕ್’ ಅನ್ನುವವರೆಗೆ ತಿರುಗಿಸಿ, ಒಮ್ಮೆ ಅಲುಗಿಸಿ ನೋಡುತ್ತಾಳೆ.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳ ಪಕ್ಕ ನೀವೂ ಕೂತುಕೊಳ್ಳಿ. ಮೂರನೇ ಕೈ ನಿಮ್ಮದೇ.