ನಮ್ಮೂರಿಗೆ ಎಷ್ಟು ಮಾರ್ಕ್ಸು?

ಮೊನ್ನೆ ಶಿರಾಲಿಗೆ ಹೋಗಿದ್ದೆ. ಹೊರಗೆ ಧೋ ಅಂತ ಮಳೆ, ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಬ್ಯಾಟರಿಯಲ್ಲೇ ಹಳೇ ಬಾಕಿಯೊಂದನ್ನು ತೀರಿಸೋಣ ಅಂತ ಕೂತೆ. ಕನ್ನಡ ವಿಕಿಪೀಡಿಯಾಕ್ಕೆಂದು ನಾನು ಯಾವತ್ತೋ ಬರೆದಿಟ್ಟುಕೊಂಡಿದ್ದ ಶಿರಾಲಿ ಲೇಖನದ ಕರಡು.

ಆಫೀಸಿನಲ್ಲಿ ಬೇರೆಯವರ ಕೋಡ್ ರಿವ್ಯೂ ಮಾಡಿ ತಪ್ಪು ಹುಡುಕೋದೇ ನನ್ನ ಕೆಲಸ. ನನ್ನದನ್ನೂ ಒಮ್ಮೆ ತೂಗಿ ನೋಡೋಣ ಅನ್ನಿಸಿತು. ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಇದಕ್ಕೆ ಏಳು ಮೆಟ್ಟಿಲುಗಳಿವೆ: ಸ್ಟಬ್, ಸ್ಟಾರ್ಟ್, ಸಿ, ಬಿ, ಗುಡ್, ಎ, ಫೀಚರ್ಡ್. ಸ್ಟಬ್ಬನ್ನೇ ನಾವು ಚುಟುಕು ಅನ್ನೋದು. ಉದ್ದ ಇದ್ದ ಮಾತ್ರಕ್ಕೆ ಮೇಲಿನ ಮೆಟ್ಟಿಲು ಸಿಗಲ್ಲ. 2009ರಲ್ಲಿ ಗೂಗಲ್ಲಿನ ಟ್ರಾನ್ಸ್‌ಲೇಟರ್ ಟೂಲ್‌ಕಿಟ್ ಬಂದಮೇಲೆ ಕನ್ನಡದಲ್ಲಿ ಮಾರುದ್ದದ ಲೇಖನಗಳು ಬಂದವಲ್ಲ, ಅವನ್ನು ಓದಿದವರಿಗೆ ಗೊತ್ತು. ಪದಗಳೆಲ್ಲ ಕನ್ನಡ, ವಾಕ್ಯ ಮಾತ್ರ ಇಂಗ್ಲಿಷು!

ನನ್ನ ಕರಡಿನಲ್ಲಿ ಐದು ವಿಭಾಗ, ಹನ್ನೆರಡು ಉಲ್ಲೇಖ. ಚಿತ್ರಾಪುರ ಮಠ 1757ರಿಂದ ಶಿರಾಲಿಯಲ್ಲಿದೆ ಅನ್ನೋದರಿಂದ ಹಿಡಿದು ಎಲ್ಲವೂ ಇತ್ತು. ನನಗೆ ನಾನೇ 'ಬಿ' ಕೊಟ್ಟುಕೊಂಡೆ. ಖುಷಿಯಲ್ಲಿ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ತೆಂಗಿನಕಾಯಿ ತುರಿಯುತ್ತಲೇ ಕೇಳಿದಳು.

"ಅಳ್ವೆಕೋಡಿ ಎಲ್ಲಿ ಮಾರಾಯ? ಮೀನುಗಾರರು ಊರಿನವರಲ್ವಾ?"

ಇರಲಿಲ್ಲ. ಮಠದ ಬಗ್ಗೆ ಪುಸ್ತಕ ಸಿಕ್ಕಿತ್ತು, ಬರೆದಿದ್ದೆ. ದೋಣಿಯವರ ಬಗ್ಗೆ ಸಿಕ್ಕಿರಲಿಲ್ಲ, ಬಿಟ್ಟಿದ್ದೆ. ಬಿಟ್ಟಿದ್ದೇನೆ ಅನ್ನೋದೂ ಗೊತ್ತಾಗಿರಲಿಲ್ಲ.

"ಹೈವೇ ಹದಿನೇಳು ಅಂದ್ಯಲ್ಲ, ಬೋರ್ಡಿನಲ್ಲಿ ಅರವತ್ತಾರು ಅಂತ ಉಂಟಲ್ಲ?"

ಹೌದು. 2010ರಲ್ಲೇ ಹೆದ್ದಾರಿಗಳ ನಂಬರು ಬದಲಾಗಿತ್ತು. ದಿನಾ ಆ ರಸ್ತೆ ದಾಟಿ ಬೆಳೆದವನು ನಾನು, ಹಳೇ ಪುಸ್ತಕ ನೋಡಿ ಬರೆದಿದ್ದೆ!

ಮೂರನೆಯದು ಮಾತ್ರ ಕಷ್ಟದ್ದು. "ನಮ್ಮ ಕೇರಿಗೆ ಆ ಹೆಸರು ಹೇಗೆ ಬಂತು ಅಂತ ಅಪ್ಪ ಹೇಳ್ತಿದ್ದದ್ದು ಹಾಕ್ಲಿಲ್ವಾ?"

ಹಾಕಿದ್ದೆ, ಆಮೇಲೆ ತೆಗೆದಿದ್ದೆ. ಯಾವ ಪುಸ್ತಕದಲ್ಲೂ ಇಲ್ಲದ ಮಾತದು. ಅಪ್ಪ ಹೋಗಿ ಮೂರು ವರ್ಷವಾಯ್ತು. 'ಉಲ್ಲೇಖ ಬೇಕು' ಅಂದರೆ ಯಾರನ್ನು ತೋರಿಸಲಿ? 2011ರಲ್ಲಿ ಅಚಲ್ ಪ್ರಭಾಲ ಅವರು ಮಾಡಿದ ಸಾಕ್ಷ್ಯಚಿತ್ರವೊಂದು ಇದನ್ನೇ ಕೇಳಿತ್ತು: ಜನರ ನೆನಪಿನಲ್ಲಷ್ಟೇ ಇರೋ ತಿಳುವಳಿಕೆಯನ್ನು ವಿಶ್ವಕೋಶಕ್ಕೆ ತರೋದು ಹೇಗೆ ಅಂತ. ಆದರೂ ನಿಯಮ ತಪ್ಪು ಅಂತ ನನಗನ್ನಿಸಲ್ಲ. ನನ್ನ ಅಪ್ಪನ ಮಾತಿಗೆ ಬಾಗಿಲು ತೆಗೆದರೆ ಎಲ್ಲರ ಅಪ್ಪಂದಿರ ಮಾತಿಗೂ ತೆಗೆಯಬೇಕಲ್ಲ. ಅದನ್ನು ಅಮ್ಮನಿಗೆ ಹೇಳೋದಕ್ಕೆ ಮಾತ್ರ ಬಾಯಿ ಬರಲಿಲ್ಲ.

'ಬಿ'ಯನ್ನು 'ಸ್ಟಾರ್ಟ್'ಗೆ ಇಳಿಸಿದೆ. ಹೆದ್ದಾರಿಯ ನಂಬರು ತಿದ್ದಿದೆ. ಮಾರನೇ ದಿನ ಮಳೆ ನಿಂತಾಗ ಅಳ್ವೆಕೋಡಿಗೆ ಹೋಗಿ ಒಂದಷ್ಟು ಫೋಟೋ ತೆಗೆದು ಬಂದೆ. ಅಪ್ಪನ ಕತೆಯನ್ನು ಅಮ್ಮನ ಬಾಯಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೇನೆ. ವಿಶ್ವಕೋಶಕ್ಕಲ್ಲ, ನಮಗೆ.

ನಿಮ್ಮೂರಿನ ಪುಟ ನೋಡಿದ್ದೀರಾ? ಮಾರ್ಕ್ಸು ಕೊಡೋ ಮೊದಲು ಮನೆಯಲ್ಲಿ ಒಮ್ಮೆ ಓದಿ ಹೇಳಿ ನೋಡಿ :-)