ತುಟಿಯ ಹಿಂದಿನ ಬಣ್ಣ

ಹೆಣ್ಣು ನೋಡಲು ಹೋದವರು ಏನೇನೆಲ್ಲ ನೋಡುತ್ತಾರೆ! ಜಡೆ ಎಷ್ಟುದ್ದ, ನಡಿಗೆ ಹೇಗೆ, ಮೈಬಣ್ಣ ಗೋಧಿಯೋ ಎಣ್ಣೆಗೆಂಪೋ. ಒಸಡು ನೋಡಿ ಬಂದವರನ್ನು ಮಾತ್ರ ನಾನು ಕಾಣೆ. ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಬಾಯಿ ಬಿಡಿಸದೆ ಬಿಡುವುದಿಲ್ಲ, ನಿಜ. ಆದರೆ ಅಲ್ಲೂ ವಿಚಾರಣೆ ಹಲ್ಲಿನದೇ: ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ?

ಒಮ್ಮೆ ಕನ್ನಡಿ ಮುಂದೆ ನಿಂತು ಕೆಳತುಟಿ ಮಗುಚಿ ನೋಡಿ. ಯಾರೂ ನೋಡುತ್ತಿಲ್ಲ, ಸಂಕೋಚ ಬೇಡ. ಹಲ್ಲಿನ ಬುಡದಲ್ಲಿ ಎಳೆಯಷ್ಟು ಗುಲಾಬಿ, ಅದರ ಕೆಳಗೆ ಕಂದು ಪಟ್ಟಿ, ಇನ್ನೂ ಕೆಳಗೆ ತುಟಿ ಸೇರುವಲ್ಲಿ ಮತ್ತೆ ಕೆಂಪು. ನಮ್ಮ ಕಡೆ ಬಹಳ ಜನರ ಬಾಯಿಯ ಭೂಪಟ ಇಷ್ಟೇ. ಕೆಂಪು ರಕ್ತದ್ದು, ಕಂದು ಮೆಲನಿನ್ ಎಂಬ ವರ್ಣದ್ರವ್ಯದ್ದು. ಆ ಮೆಲನಿನ್ ತಯಾರಿಸುವ ಜೀವಕೋಶಗಳು ಬಿಳಿಯರಲ್ಲೂ ಕರಿಯರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತವಂತೆ. ಕೆಲವರಲ್ಲಿ ದುಡಿಯುತ್ತವೆ, ಕೆಲವರಲ್ಲಿ ಆಕಳಿಸುತ್ತವೆ. ಸರ್ಕಾರಿ ಕಚೇರಿಯ ನೆನಪಾದರೆ ಅದು ನನ್ನ ತಪ್ಪಲ್ಲ.

ಮೈ ಕಪ್ಪಾದವರಲ್ಲಿ ಒಸಡೂ ಕಂದಾಗಿರುವುದು ಹೆಚ್ಚು, ಹೌದು. ಹಾಗೆಂದು ಎರಡಕ್ಕೂ ಕರಾರುಪತ್ರವೇನೂ ಆಗಿಲ್ಲ. ಹಾಲುಬಿಳುಪಿನ ಚಿಕ್ಕಮ್ಮ ನಕ್ಕರೆ ನೇರಳೆ ಹಣ್ಣು ತಿಂದವರ ಬಾಯಿ. ಕಪ್ಪಗಿನ ಚಿಕ್ಕಪ್ಪ ನಕ್ಕರೆ ತಿಳಿಗುಲಾಬಿ. ಅಮೆರಿಕದ ಕರಿಯ ದಂತವೈದ್ಯ ಕ್ಲಿಫ್ಟನ್ ಡಮೆಟ್ ಇದನ್ನೇ ವರ್ಷಗಟ್ಟಲೆ ಕೆದಕಿದರು. 1964ರಲ್ಲಿ ಗುಪ್ತಾ ಎಂಬವರ ಜೊತೆ ಸೇರಿ ಒಸಡಿನ ಬಣ್ಣಕ್ಕೆ ಅಂಕಪಟ್ಟಿಯನ್ನೇ ಮಾಡಿದರು. ಗುಲಾಬಿಗೆ ಸೊನ್ನೆ, ಕಡುಗಪ್ಪಿಗೆ ಮೂರು. ಕಪ್ಪಿಗೆ ಪೂರ್ತಿ ಅಂಕ ಸಿಕ್ಕ ಪರೀಕ್ಷೆ ಇನ್ನೊಂದು ಇದೆಯೇ?

ಅಂಕ ಬೇಕಾದರೆ ಝಾಬುವಾದ ಕಡಕ್‌ನಾಥ್ ಕೋಳಿಗೆ ಕೊಡಬೇಕು. ಗರಿ, ನಾಲಿಗೆ, ಮಾಂಸ, ಮೂಳೆಯವರೆಗೂ ಕಪ್ಪು. ಬೆಲೆಯೂ ಹೆಚ್ಚು. ಕೋಳಿಗಾದರೆ ಕಪ್ಪಿಗೆ ದುಡ್ಡು ಕೊಡುತ್ತೇವೆ, ಸೊಸೆಗಾದರೆ... ಬೇಡ, ಆ ಮಾತು ಎತ್ತಿದರೆ ಕಾಫಿ ಆರುತ್ತದೆ.

ಬೀಡಿ-ಸಿಗರೇಟಿನವರ ಮುಂದಿನ ಒಸಡು ಕಪ್ಪಾಗುವುದು ಬೇರೆ ಕಥೆ. ಬಿಟ್ಟರೆ ಅದು ನಿಧಾನವಾಗಿ ತಿಳಿಯಾಗುತ್ತದೆ. ಸೀಸದ ವಿಷವೇರಿದವರ ಒಸಡಂಚಿನಲ್ಲಿ ನೀಲಿಗೆರೆ ಮೂಡುವುದನ್ನು ಲಂಡನ್ನಿನ ವೈದ್ಯ ಬರ್ಟನ್ 1840ರಲ್ಲೇ ಬರೆದಿಟ್ಟ. ಇದ್ದಕ್ಕಿದ್ದಂತೆ ಹೊಸ ಮಚ್ಚೆ ಕಂಡರೆ ಡಾಕ್ಟರಿಗೆ ತೋರಿಸಿ. ಹುಟ್ಟಾ ಬಂದದ್ದಕ್ಕೆ ಮದ್ದೇಕೆ? ಆದರೆ ಈಗ ಲೇಸರ್‌ನಲ್ಲಿ ಒಸಡು ಹೆರೆಸಿಕೊಂಡು ಗುಲಾಬಿ ಮಾಡಿಸಿಕೊಳ್ಳುವವರಿದ್ದಾರೆ. ಕೆಲವರಿಗೆ ಹೋದ ಕಪ್ಪು ಮೆಲ್ಲಗೆ ವಾಪಸ್ಸು ಬಂದು ಕೂರುತ್ತದೆ. ಅತ್ತ ಸೆನೆಗಲ್‌ನಲ್ಲಿ ಹೆಂಗಸರು ಹಲ್ಲು ಬೆಳ್ಳಗೆ ಎದ್ದು ಕಾಣಲೆಂದು ಸೂಜಿ ಚುಚ್ಚಿಸಿ ಒಸಡಿಗೆ ಕಪ್ಪು ಹಚ್ಚೆ ಹಾಕಿಸಿಕೊಳ್ಳುತ್ತಾರೆ. ಲೇಸರಿನವರ ಗಿರಾಕಿಗಳನ್ನು ಹಚ್ಚೆಯವರಿಗೆ, ಹಚ್ಚೆಯವರ ಗಿರಾಕಿಗಳನ್ನು ಲೇಸರಿನವರಿಗೆ ಪರಿಚಯ ಮಾಡಿಸಬೇಕಿತ್ತು.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಮೇಲಿನ ಸಾಲಿಗಷ್ಟೇ ಹಲ್ಲಿನ ಸೆಟ್ಟು ಕಟ್ಟಿಸಿದ್ದಾರೆ. ಮೇಲೆ ಅಂಗಡಿಯ ಗುಲಾಬಿ, ಕೆಳಗೆ ತಾಯಿ ಕೊಟ್ಟ ಕಂದು. "ಮೇಷ್ಟ್ರೇ, ಮ್ಯಾಚಿಂಗ್ ಕೇಳಬಾರದಿತ್ತೇ?" ಅಂದೆ. "ಬ್ಲೌಸ್ ಪೀಸ್ ಏನಯ್ಯಾ ಮ್ಯಾಚಿಂಗ್ ನೋಡೋಕೆ?" ಎಂದವರೇ ಚಕ್ಕುಲಿ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.