ಅರವತ್ತೊಂದು ಸೆಕೆಂಡು

ನನ್ನ ಅರವತ್ತೊಂದು ಸೆಕೆಂಡು ಕಳೆದುಹೋಗಿದೆ. ಕಳೆದದ್ದು 2024ರ ಜನವರಿ, ಮುಂಬೈ ಮ್ಯಾರಥಾನಿನಲ್ಲಿ. ಕಳೆದಿದೆ ಅಂತ ಗೊತ್ತಾದದ್ದು ಎಂಟು ತಿಂಗಳ ಮೇಲೆ. ಈಗಲೂ ಹಾಲು ಉಕ್ಕುವುದನ್ನು ಕಾಯುತ್ತ ನಿಂತಾಗ, ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿದಾಗ ಅದನ್ನೇ ಹುಡುಕುತ್ತಿರುತ್ತೇನೆ.

ಎಲ್ಲಕ್ಕೂ ಕಾರಣ ಬಾಸ್ಟನ್. ಅಲ್ಲಿ 1897ರಿಂದ ಮ್ಯಾರಥಾನ್ ನಡೆಯುತ್ತಿದೆ. ಜನ ಜಾಸ್ತಿಯಾದರು ಅಂತ 1970ರಲ್ಲಿ, ನಾಲ್ಕು ಗಂಟೆಯೊಳಗೆ ಮುಗಿಸುವಷ್ಟು ತಯಾರಿ ಇದ್ದವರು ಮಾತ್ರ ಬನ್ನಿ ಅಂದರು. ನಾನು ಹುಟ್ಟಿದ್ದೂ ಅದೇ ವರ್ಷ. ತೊಟ್ಟಿಲಲ್ಲಿದ್ದಾಗಲೇ ನನಗೊಂದು ಬಾಗಿಲು ಹಾಕಿದರು ಅನ್ನಿ. ಈಗ ವಯಸ್ಸಿಗೊಂದು ಗಡುವು; ಬೇರೊಂದು ಮ್ಯಾರಥಾನನ್ನು ಅಷ್ಟರೊಳಗೆ ಓಡಿ ತೋರಿಸಿದವರು ಅರ್ಜಿ ಹಾಕಬಹುದು. ಓಟದ ದಿನಕ್ಕೆ, ಅಂದರೆ ಏಪ್ರಿಲ್ ಮೂರನೇ ಸೋಮವಾರಕ್ಕೆ, ಎಷ್ಟು ತುಂಬಿರುತ್ತದೋ ಅದೇ ಲೆಕ್ಕ. 2025ರ ಏಪ್ರಿಲ್ ಮೊದಲ ವಾರ ನನಗೆ ಐವತ್ತೈದು. ಆ ವಯಸ್ಸಿನ ಗಂಡಸರಿಗೆ ಆಗ ಗಡುವು 3 ಗಂಟೆ 35 ನಿಮಿಷ ಇತ್ತು. ಐವತ್ತೈದು ತುಂಬುವುದಕ್ಕೆ ಹಿಗ್ಗಿದವನು ನಮ್ಮ ವಂಶದಲ್ಲಿ ನಾನೊಬ್ಬನೇ ಇರಬೇಕು.

ಮುಂಬೈಯಲ್ಲಿ ನನ್ನದು 3:29:10. ಗಡುವಿಗೆ 5 ನಿಮಿಷ 50 ಸೆಕೆಂಡು ಮೊದಲೇ! ಲಾಲ್‌ಬಾಗಿನ ಗೆಳೆಯರಿಗೆಲ್ಲ ಮಸಾಲೆ ದೋಸೆ ಕೊಡಿಸಿದೆ. ಆದರೆ ಬಾಸ್ಟನ್ನಿನದು ನಮ್ಮ ಸಿಇಟಿ ಇದ್ದಹಾಗೆ: ಪಾಸಾಗುವುದು ಬೇರೆ, ಸೀಟು ಸಿಗುವುದು ಬೇರೆ. ಅರ್ಜಿ ಹೆಚ್ಚಾದರೆ ಗಡುವಿಗಿಂತ ಜಾಸ್ತಿ ಉಳಿಸಿದವರಿಂದ ತುಂಬುತ್ತ ಬಂದು ಒಂದು ಕಡೆ ಗೆರೆ ಎಳೆಯುತ್ತಾರೆ. ಹಿಂದಿನ ವರ್ಷ ಆ ಗೆರೆ 5:29ಕ್ಕೆ ನಿಂತಿತ್ತು. ನನ್ನ ಸರದಿಗೆ 6:51. ಕಳೆದು ನೋಡಿ.

“ಒಂದು ನಿಮಿಷ ತಾನೇ? ಒಂದು ಮಾತು ಕೇಳಿ ನೋಡಬಾರದಾ?” ಅಂದಳು ನನ್ನಾಕೆ. ಮುಂದಿನ ತಿಂಗಳ ಸಂಬಳದ ಮೇಲೆ ಅಡ್ವಾನ್ಸ್ ಕೇಳುವ ಹಾಗೆ.

ಎಲ್ಲಿ ಹೋಯಿತು? ಮರೀನ್ ಡ್ರೈವಿನಲ್ಲಿ ಲೇಸು ಬಿಚ್ಚಿತು. ಬೆರಳು ಊದಿಕೊಂಡಿದ್ದವು, ಗಂಟು ನಿಲ್ಲಲೊಲ್ಲದು, ಹದಿನೈದು ಸೆಕೆಂಡು. ಪೆಡ್ಡರ್ ರೋಡಿನ ಏರಿನಲ್ಲಿ ಪುಟ್ಟ ಹುಡುಗಿಯೊಬ್ಬಳು ಸ್ಟೀಲ್ ತಟ್ಟೆಯಲ್ಲಿ ಕಿತ್ತಳೆ ತೊಳೆ ಹಿಡಿದು ನಿಂತಿದ್ದಳು. ತೆಗೆದುಕೊಳ್ಳದೆ ಹೋಗುವುದು ಹೇಗೆ? ಬಾಯಿಗೆ ಹಾಕಿದರೆ ಎರಡು ಬೀಜ. ಅವಳೆದುರು ಉಗುಳಲಾಗದೆ ನುಂಗಿ, ಕೆಮ್ಮಿ, ನಿಂತು, ಮತ್ತೆ ಹೊರಟೆ. ಅದೊಂದು ಹತ್ತು.

ಇನ್ನೊಬ್ಬ ಕಳ್ಳ ಸೈಕಲ್ಲಿನ ಮೇಲೆ ಬಂದಿದ್ದ. ದಾರಿ ಅಳೆಯುವವರು ಚಕ್ರಕ್ಕೆ ಜೋನ್ಸ್ ಕೌಂಟರ್ ಅನ್ನುವ ಪುಟ್ಟ ಎಣಿಕೆಯ ಯಂತ್ರ ಕಟ್ಟಿ, ತಿರುವುಗಳನ್ನು ಸವರಿಕೊಂಡೇ ಹೋಗುತ್ತಾರೆ. ಎಲ್ಲಾದರೂ ಕಮ್ಮಿ ಬಿದ್ದೀತೆಂದು ಕಿಲೋಮೀಟರಿಗೆ ಒಂದು ಮೀಟರು ಕೊಸರು ಬೇರೆ. ಸೊಪ್ಪಿನವಳ ಹತ್ತಿರ ಕೊಸರಿಗೆ ಜಗಳವಾಡುವ ನಾನು, ಕೇಳದೆಯೇ ಸಿಕ್ಕ ಈ ನಲವತ್ತೆರಡು ಮೀಟರಿಗೆ ಹನ್ನೆರಡು ಸೆಕೆಂಡು ತೆತ್ತಿದ್ದೇನೆ. ಸಾಲದ್ದಕ್ಕೆ ನನ್ನ ವಾಚು 42.6 ಕಿ.ಮೀ. ತೋರಿಸಿತು. ವಾಚಿನ ಮಾತು ಪೂರ್ತಿ ನಂಬುವಂತಿಲ್ಲ, ಆದರೂ ಅವರಿವರನ್ನು ಹಿಂದೆ ಹಾಕುವ ಹುರುಪಿನಲ್ಲಿ ಅಡ್ಡಾದಿಡ್ಡಿ ಓಡಿದ್ದು ಸುಳ್ಳಲ್ಲ.

ಇಷ್ಟೆಲ್ಲ ಕಟ್ಟುನಿಟ್ಟಿನ ಬಾಸ್ಟನ್ನಿನ ದಾರಿಯೋ, ಇಳಿಜಾರು ಜಾಸ್ತಿ ಅಂತ ವಿಶ್ವದಾಖಲೆಯ ಲೆಕ್ಕಕ್ಕೇ ಬರುವುದಿಲ್ಲ. 2011ರಲ್ಲಿ ಜೆಫ್ರಿ ಮುಟಾಯ್ ಅಲ್ಲಿ 2:03:02ಕ್ಕೆ ಓಡಿದರು, ಆಗಿನ ದಾಖಲೆಗಿಂತ ಬೇಗ. ದಾಖಲೆ ಅಂತ ಬರೆದುಕೊಳ್ಳಲಿಲ್ಲ. ಹೊಟ್ಟೆ ಉರಿದಾಗ ಇದನ್ನು ನೆನೆಯುತ್ತೇನೆ, ಸ್ವಲ್ಪ ತಣ್ಣಗಾಗುತ್ತದೆ.

2026ಕ್ಕೆ ನನ್ನ ವಯಸ್ಸಿನವರ ಗಡುವನ್ನೇ ಐದು ನಿಮಿಷ ಬಿಗಿ ಮಾಡಿದರು, 3:30. ಅರವತ್ತು ದಾಟಿದವರದನ್ನು ಮಾತ್ರ ಮುಟ್ಟಲಿಲ್ಲ. ಅರವತ್ತಕ್ಕೆ ಈಗಲೂ 3:50.

ಮೊನ್ನೆ ಮಗಳ ಜೊತೆ ಫೋನಿನಲ್ಲಿ ನನ್ನಾಕೆ ಈಗಿನಿಂದಲೇ ಷಷ್ಟ್ಯಬ್ದಿಯ ಮಾತು ತೆಗೆದಿದ್ದಳು. ಯಾವ ಛತ್ರ, ಯಾವ ಪುರೋಹಿತರು, ಬೀಗರಿಗೆ ಏನು ಉಡುಗೊರೆ. “ರೀ, ನೀವೂ ಏನಾದ್ರೂ ಹೇಳಿ” ಅಂದಳು.

“ಏಪ್ರಿಲ್ ಮೂರನೇ ಸೋಮವಾರ ಒಂದು ಬಿಟ್ಟು ಯಾವತ್ತಾದರೂ ಇಟ್ಕೊಳ್ಳಿ” ಅಂದೆ.